ಹೆಪ್ಪು

ಮೀಟರ್ ಪೆಟ್ಟಿಗೆಯ ಮೇಲೆ, ಹೋದ ವರ್ಷದ
ಕ್ಯಾಲೆಂಡರಿನ ಮೊಳೆಗೆ ಜೋತಿದೆ
ಎರಡು ಕೋಡಿನ ಕರಿ ಡಬ್ಬಿ.
ಅದರ ಹೊಟ್ಟೆಯಿಂದ ಹೊರಟ ನೀಲಿ ವಾಯರು
ಬಾಗಿಲ ಪಟ್ಟಿ ಹತ್ತಿ, ಅರಿವೆ ಒಣಹಾಕುವ ಹಗ್ಗದ ಜೊತೆ
ಸ್ವಲ್ಪ ದೂರ ನಡೆದು, ಕವಲೊಡೆಯುತ್ತದೆ.

ಒಂದು ಮೈದುನನ ಮೇಜಿಗೆ:
ಸಿಮೆಂಟ್ ಅಂಗಡಿಗಳ ತೆರಿಗೆ ಲೆಕ್ಕ.
ತಿಂಗಳ ಇಪ್ಪತ್ತಕ್ಕೆ ಅವನ ಮುಖ ನೋಡಬಾರದು.
ಒಂದು ಪಾವಟಿಗೆಯ ಕೆಳಗೆ, ನನ್ನ ಹತ್ತಿರ.
ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಶಿವಗಣಾರಾಧನೆ;
ಚೌಕಟ್ಟು ಅದೇ, ಬಣ್ಣವಷ್ಟೇ ಬೇರೆ.
ಒಂದು ಮಾಳಿಗೆಗೆ. ಮಾಂತು ಹುಬ್ಬಳ್ಳಿಯಿಂದ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದ ಹಳೇ ಕಂಪ್ಯೂಟರು;
ಅದರಲ್ಲಿ ಅವನು ದಿನಾ ಸಾಯುತ್ತಾನೆ, ದಿನಾ ಹುಟ್ಟುತ್ತಾನೆ.
ನನ್ನ ಮಗಳದ್ದಕ್ಕೆ ವಾಯರೇ ಇಲ್ಲ.
ಮಡಚಿ ಬಗಲಲ್ಲಿಟ್ಟು, ಗಾಳಿ ಚಲೋ ಸಿಗುವಲ್ಲಿ ಕೂಡುತ್ತಾಳೆ.

ರಾತ್ರಿ ಒಂಬತ್ತಕ್ಕೆ ನಾಲ್ಕೂ ಕಡೆ ಎಳೆದರೆ
ಮದುಮಗಳ ಫೋಟೊ ಮೂಗಿನವರೆಗೆ ಇಳಿದು
ಅಲ್ಲೇ ನಿಲ್ಲುತ್ತದೆ. ಬಾಯಿ ಬರುವುದಿಲ್ಲ.
"ಯಾರ ಹಿಡಕೊಂಡೀರಿ?" ಮೈದುನ ಕೂಗುತ್ತಾನೆ,
ನಳ ಬಂದ ದಿನ ಮಾಳಿಗೆಯತ್ತ ಕೂಗುವ ದನಿಯಲ್ಲೇ.
ಯಾರೂ ಹಿಡಿದಿಲ್ಲ.
ಎಲ್ಲರೂ ಹಿಡಿದಿದ್ದಾರೆ.

"ಹೊರಗಿನ ಮಂದಿಗೆ ನಮ್ಮನಿದು ಒಂದ ನಂಬರ, ಕಾಕೂ,"
ಮಾಂತು ನನಗೆ ತಿಳಿಸಿ ಹೇಳುತ್ತಾನೆ.
"ಒಳಗ ನಾಕ ಅದಾವು. ಯಾರು ಏನ ಕೇಳ್ಯಾರ ಅಂತ
ಡಬ್ಬಿ ನೆನಪಿಟ್ಟು, ಬಂದದ್ದನ್ನ ಅವರವರಿಗೇ ಕೊಡತೈತಿ."
ಶೇಂಗಾ ಸುಲಿಯುತ್ತಿದ್ದ ಅತ್ತೆ ಅಂದಳು:
"ಅಂದ್ರ, ನಮ್ಮ ಆಯಿ ಅನ್ನು."

ಈ ಸೆಕ್ಟರು, ಈ ಪ್ಲಾಟು ಬರುವ ಮೊದಲು
ಈಗ ಹಿನ್ನೀರಿನ ಕೆಳಗಿರುವ ಓಣಿಯಲ್ಲಿ
ಬಾಗಿಲು ಒಂದೇ, ಒಲೆ ಐದು.
ಟಪಾಲಿನವನು ಹೊಸ್ತಿಲಿಗೆ ಹಾಕಿದ್ದನ್ನು
ಆಯಿ ಉಡಿಯಲ್ಲಿ ಕಟ್ಟಿಕೊಂಡು ಹಂಚುತ್ತಿದ್ದಳಂತೆ.
ಒಂದಕ್ಷರ ಓದಲು ಬಾರದು. ಆದರೆ ಯಾವ ಒಲೆಯವರು
ಯಾವ ಅಮಾಸಿಗೆ ಯಾವೂರಿಗೆ ಕಾಗದ ಹಾಕಿದರೆಂದು ಗೊತ್ತು.
ಸೊಲ್ಲಾಪುರದ ಉತ್ತರ ಸಣ್ಣ ಸೊಸೆಗೆ,
ಜಮಖಂಡಿಯದ್ದು ದೊಡ್ಡವನಿಗೆ. ತಪ್ಪಿದ್ದಿಲ್ಲ.
ಯಾರೂ ಕೇಳದೆ ಬಂದ ಕಾಗದ ಮಾತ್ರ
ದೇವರ ಮಾಡದಲ್ಲಿ ಕಾಯುತ್ತಿತ್ತು.
ಮನೆ ಬಿಟ್ಟು ಎದ್ದಾಗ ಅಲ್ಲಿ ಇನ್ನೂ ಒಂದಿತ್ತಂತೆ.

ಮೊನ್ನೆ ಮಾಂತು ಡಬ್ಬಿಯ ಒಳಹೊಕ್ಕು ಯಾದಿ ತೆಗೆದ.
ಐದಿದ್ದವು.
ನಾಲ್ಕಕ್ಕೆ ಹೆಸರು. ಐದನೆಯದಕ್ಕೆ ಬರೀ ಅಂಕಿ.
"ಕಳ್ಳರು!" ಎಂದ ಮೈದುನ. "ಪಾಸ್‌ವರ್ಡ್ ಯಾರ ಕೊಟ್ರಿ?"

"ನಾ ಕೊಟ್ಟೆ." ಅತ್ತೆ ತಲೆ ಎತ್ತಲಿಲ್ಲ.
"ಹಿಂದಿನ ಮನಿ ಪಮ್ಮಾರರ ಜಮುನಾ
ಹೆಪ್ಪ ಕೇಳಾಕ ಬಂದಿದ್ಳು.
ಬಟ್ಟಲಾ ಹಿಡಕೊಂಡ ನಿಂತು ಅದನ್ನೂ ಕೇಳಿದ್ಳು.
ಕ್ಯಾಲೆಂಡರ್ ಹಿಂದ ಬರದೈತಿ, ಓದ್ಕೋ ಅಂದೆ.
ಹೆಪ್ಪ ಕೊಟ್ರ ನಮ್ಮ ಮೊಸರ ಕಡಿಮಿ ಆಕ್ಕೈತೇನು?"

"ಆಕ್ಕೈತಿ, ಯಮ್ಮಾ. ಇದು ಹೆಪ್ಪಲ್ಲ. ನಳ."
ಅವನಂದದ್ದೂ ಸುಳ್ಳಲ್ಲ.
ನಮ್ಮ ನಾಲ್ಕು ಪಾಲು ಐದಾದರೆ ಎಷ್ಟೆಷ್ಟು ಅಂತ
ಮೈದುನ ಕ್ಯಾಲ್ಕ್ಯುಲೇಟರಿನಲ್ಲೇ ಒತ್ತಿ ತೋರಿಸಿದ.
ಅತ್ತೆ ಸಿಪ್ಪೆ ಊದಿ ಹಾರಿಸಿದಳು.

ಹಿತ್ತಲ ಕಿಟಕಿಯಿಂದ ನೋಡಿದೆ.
ಜಮುನಾಳ ಕೋಣೆಯಲ್ಲಿ ದೀಪ, ಒಂದು ತಲೆ, ಒಂದು ಜಡೆ.
ಕೇಳಿದ್ದು ಬರಲೆಂದು ಕೂತವರ ಬೆನ್ನು
ಎಲ್ಲರದ್ದೂ ಒಂದೇ ಥರ; ನನ್ನದೂ ಹೀಗೇ ಇರಬೇಕು.
ಇಷ್ಟು ವರ್ಷ ಬೆನ್ನು ಹಚ್ಚಿಕೊಂಡಿದ್ದೇವೆ,
ಅವಳು ಏನು ಓದುತ್ತಾಳೆಂದು ನಾನು ಕೇಳಿಲ್ಲ.

ಕಿತ್ತುಹಾಕುವ ಗುಂಡಿಯ ಪಕ್ಕದಲ್ಲೇ
ಹೆಸರು ಬರೆಯುವ ಖಾನೆ ಇರುತ್ತದೆಯಂತೆ.
ಮಾಂತು ಬಹಳ ಹೊತ್ತು ಬೆರಳು ಎತ್ತಿಕೊಂಡೇ ಕೂತಿದ್ದ.
ಆಮೇಲೆ ಕನ್ನಡದಲ್ಲಿ, ತಡವರಿಸುತ್ತ, ಒತ್ತಕ್ಷರ ಹುಡುಕುತ್ತ
ಎರಡಕ್ಷರ ಒತ್ತಿ, ಮಾತಾಡದೆ ಮಾಳಿಗೆಗೆ ಹೋದ.

ಮದುಮಗಳ ಬಾಯಿ ಬಂದಾಗ ಹತ್ತೂವರೆ.
ನಗುತ್ತಿದ್ದಳು, ಹಲ್ಲು ಸ್ವಲ್ಪ ಉಬ್ಬು.
ಬಟ್ಟಲು ಮಾತ್ರ ಇನ್ನೂ ವಾಪಸು ಬಂದಿಲ್ಲ.