ಪ್ರಾಯೋಗಿಕ ಇಲ್ಲದ ವಿಷಯಗಳು

ಹಿಲ್ಡಾ ಮೇಡಮ್ಮಿನ ಮೇಜಿನ ಮೇಲೆ
ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಿಚ್ಚಿಟ್ಟೆ.
ಮಡಚಿದ ಗೆರೆಯಲ್ಲೇ ಹರಿದು ನಾಲ್ಕು ತುಂಡಾಗಿ
ಹಿಂದಿನಿಂದ ಟೇಪು ಹಚ್ಚಿದ್ದು.
"ಜಲಜಾಕ್ಷಿ ಪುತ್ರನ್. ಜೂನ್ ಒಂದಾ ಹುಟ್ಟಿದ್ದು?"
ಬೆಂಗ್ರೆಯಲ್ಲಿ ನಮ್ಮ ಕ್ಲಾಸಿನ ಅರ್ಧ ಮಕ್ಕಳು
ಜೂನ್ ಒಂದಕ್ಕೇ ಹುಟ್ಟಿದವರು, ಮೇಡಂ,
ಹೆಡ್‌ಮಾಸ್ಟರಿಗೆ ಆ ತಾರೀಕು ಇಷ್ಟ.
ಅವರು ನಗಲಿಲ್ಲ. ಬರೆದುಕೊಂಡರು.

ಹದಿನೇಳು ವರ್ಷದಿಂದ ನಾನು ಅಂಗನವಾಡಿಯ ಸಹಾಯಕಿ.
ಅನ್ನ ಬೇಯಿಸುವುದು, ಮೂಗು ಒರೆಸುವುದು,
ಚಡ್ಡಿ ಒದ್ದೆ ಮಾಡಿಕೊಂಡವನನ್ನು
ಉಳಿದವರಿಗೆ ಗೊತ್ತಾಗದ ಹಾಗೆ ಹಿತ್ತಲಿಗೆ ಕರೆದೊಯ್ಯುವುದು.
ಬರುವ ವರ್ಷ ಶಮೀಮಾ ಟೀಚರ್ ನಿವೃತ್ತಿ.
ಆ ಕುರ್ಚಿಗೆ ಪಿಯುಸಿ ಬೇಕಂತೆ.
ಕುರ್ಚಿ ಅಂದರೆ ನೀಲಿ ಪ್ಲಾಸ್ಟಿಕ್ಕಿನದ್ದು, ಒಂದು ಕಾಲು ಸೀಳಿದೆ,
ದಿನಾ ಅದರ ಧೂಳು ಹೊಡೆಯುವವಳು ನಾನೇ.

ಮನೆಯಲ್ಲಿ ಇನ್ನೊಬ್ಬಳು ಉಂಟು, ನಿಶ್ಮಿತಾ,
ಸೆಕೆಂಡ್ ಪಿಯುಸಿ, ಪಿಸಿಎಂಬಿ.
ಎರಡು ಬಾಗಿಲೂ ತೆರೆದಿರ್ತದೆ ಅಂತ ಯಾರೋ ಹೇಳಿದ್ದಕ್ಕೆ
ಎರಡಕ್ಕೂ ಓದುತ್ತಾಳೆ, ನಿದ್ದೆ ಯಾವ ಬಾಗಿಲಿಂದಲೂ ಬರುವುದಿಲ್ಲ.
ಕ್ಯಾಲೆಂಡರಿನ ಬೆನ್ನಲ್ಲಿ ಬರೆದಿಟ್ಟಿದ್ದಾಳೆ:
ಬೋರ್ಡಿಗೆ ಎಷ್ಟು, ಸಿಇಟಿಗೆ ಎಷ್ಟು, ನೀಟಿಗೆ ಎಷ್ಟು,
ಜೀವಶಾಸ್ತ್ರದಲ್ಲಿ ಇಂತಿಷ್ಟು ಬಂದರೆ ನರ್ಸಿಂಗ್,
ಬಾರದಿದ್ದರೆ
ಅಲ್ಲಿಗೆ ಪೆನ್ನು ನಿಂತಿದೆ.
ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ ಅನ್ನುವ ಸರ್ಟಿಫಿಕೇಟು,
ಅದರ ಮೇಲೊಂದು ಸೀಲು;
ಆ ಸೀಲಿಗೆ ನಾನು ಮೂರು ಸಲ ಫೆರಿ ದಾಟಿದ್ದೇನೆ.
ಎರಡನೇ ಭಾಷೆ ಮಾತ್ರ ಸಂಸ್ಕೃತ, ಅದರಲ್ಲಿ ಮಾರ್ಕು ಸಲೀಸಂತೆ.
ನನ್ನಿಂದ ತುಳುವಿನಲ್ಲಿ ಬೈಸಿಕೊಂಡು
ಒಳಗೆ ಹೋಗಿ ಧಾತುರೂಪ ಒಪ್ಪಿಸುತ್ತಾಳೆ.

"ಹಾಗಾದರೆ ಅಮ್ಮ, ನಾವು ಒಂದೇ ಬ್ಯಾಚು" ಅಂದಳು.
ಸ್ವಲ್ಪ ಹೊತ್ತು ಬಿಟ್ಟು
ಬಂಗುಡೆಯ ಮುಳ್ಳು ಬಿಡಿಸುತ್ತಾ, ನನ್ನ ಮುಖ ನೋಡದೆ,
"ನಮ್ಮ ಕಾಲೇಜಲ್ಲಿ ಮಾತ್ರ ಫಾರ್ಮು ಕೊಡ್ಬೇಡ."
ಅದಕ್ಕೇ ನಾನಿಲ್ಲಿ, ಬಂದರಿನಿಂದ ಎರಡು ಬಸ್ಸು ಆಚೆ.

ನಾಲ್ಕು ಆರಿಸಬೇಕು.
ನಾನು ಮನಸ್ಸಲ್ಲಿ ಇಟ್ಟುಕೊಂಡು ಬಂದದ್ದು ಭೂಗೋಳ.
ಯಾಕೆಂದು ಕೇಳಿದರೆ ಎಂಥ ಹೇಳುವುದು?
ನಾನು ಸಣ್ಣವಳಿದ್ದಾಗ ಮನೆಗೂ ಕಡಲಿಗೂ ನಡುವೆ
ಎರಡು ಸಾಲು ಗಾಳಿಮರ, ಒಂದು ವಾಲಿಬಾಲ್ ಕೋರ್ಟು.
ಈಗ ಕೋರ್ಟಿನ ಒಂದು ಕಂಬ ಉಂಟು, ನೀರಲ್ಲಿ.
ಅತ್ತ ಹೊಳೆ, ಇತ್ತ ಕಡಲು, ನಡುವೆ ಮರಳಿನ ಮೇಲೆ ನಾವು.
ಇದಕ್ಕೆ ಪುಸ್ತಕದಲ್ಲಿ ಏನೋ ಒಂದು ಹೆಸರು ಇರಬೇಕಲ್ಲ,
ಅದನ್ನು ಕಲಿಯುವ ಅಂತ.

"ಭೂಗೋಳಕ್ಕೆ ಪ್ರಾಯೋಗಿಕ ಉಂಟು. ಖಾಸಗಿಯವರಿಗೆ ಕೊಡ್ಲಿಕ್ಕಿಲ್ಲ."
ಮನಃಶಾಸ್ತ್ರ?
"ಅದಕ್ಕೂ ಉಂಟು."
ಗೃಹವಿಜ್ಞಾನ?
ಈ ಸಲ ನಕ್ಕರು. "ಅದಕ್ಕೂ, ಮಾರಾಯ್ತಿ."
ಮತ್ತೆ ಉಳಿದದ್ದು ಇತಿಹಾಸ, ಅರ್ಥಶಾಸ್ತ್ರ,
ರಾಜ್ಯಶಾಸ್ತ್ರ, ಸಮಾಜಶಾಸ್ತ್ರ,
ಕೈ ಮುಟ್ಟಿ ಏನನ್ನೂ ಮಾಡಿ ತೋರಿಸಬೇಕಾಗಿಲ್ಲದ್ದು.
ಚೌಕದೊಳಗೆ ಟಿಕ್ಕು ಹಾಕಿದೆ, ಒಂದು ಸ್ವಲ್ಪ ಹೊರಗೆ ಹೋಯಿತು.
"ಅಡ್ಡಿ ಇಲ್ಲ" ಅಂದರು.

ಫೆರಿಯಲ್ಲಿ ಬೈಕುಗಳ ಎಡೆಯಲ್ಲಿ ನಿಂತು
ಹಳೇ ಗೈಡು ಬಿಚ್ಚಿದೆ.
ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ, ಮೂವತ್ತನೇ ಪುಟದವರೆಗೆ.
ಆಮೇಲೆ ಎಲ್ಲ ಶುಭ್ರ.

ಮನೆಗೆ ಬಂದರೆ ಕ್ಯಾಲೆಂಡರಿನ ಬೆನ್ನಲ್ಲಿ
ಅವಳ ರಸಾಯನಶಾಸ್ತ್ರದ ಪಕ್ಕ
ಹಸಿರು ಪೆನ್ನಿನಲ್ಲಿ ಹೊಸತೊಂದು ಸಾಲು: ಅಮ್ಮ, ಇತಿಹಾಸ.
ಎರಡೂ ಒಂದೇ ವಾರ.
ಆ ವಾರ ಅಡುಗೆ ಯಾರು ಅಂತ ಬರೆದಿಲ್ಲ.

ರಾತ್ರಿ ಹತ್ತೂವರೆ. ಅವಳಿಗೆ ಲೆಕ್ಕ, ನನಗೆ ಸಮಾಜಶಾಸ್ತ್ರ.
ಕುಟುಂಬ ಎಂದರೇನು? ಎರಡು ಅಂಕ.
ಬರೆಯುತ್ತಾ ಹೋದೆ, ಪುಟ ತಿರುಗಿತು.
ಅವಳು ಬಗ್ಗಿ ಓದಿದಳು,
ಓದಿ ನನ್ನ ಪೆನ್ನಿನ ಕೈ ಹಿಡಿದಳು:
"ಎರಡೇ ವಾಕ್ಯ ಸಾಕಮ್ಮ,
ಮತ್ತೆ ಟೈಮು ಸಾಲುವುದಿಲ್ಲ."