ಎರಡು ಗಂಟೆಯ ಮನೆ

ಎಂಬರಾರ ಪೇಟೆಯಿಂದ ಹನ್ನೊಂದು ಮೈಲಿ,
ಕೆಂಪು ಧೂಳಿನ ದಾರಿ, ಬಾಡಿಗೆ ಬೈಕಿನ ಹಿಂದೆ
ಹಾಸ್ಪಿಸ್‌ನವಳು ನಾನು, ತೊಡೆಯ ಮೇಲೆ ಚೀಲ.
ಚೀಲದಲ್ಲಿ ಹಸಿರು ದ್ರವದ ಬಾಟಲಿ ಎರಡು,
ಸೂಜಿಯಿಲ್ಲದ ಸಿರಿಂಜು,
ಒಣಗಿಸಿ ಕುಟ್ಟಿದ ಪಪ್ಪಾಯಿ ಬೀಜ.
ನಗಬೇಡಿ, ಮಾರ್ಫಿನ್ ನೋವನ್ನು ಕಟ್ಟುತ್ತದೆ,
ಜೊತೆಗೆ ಹೊಟ್ಟೆಯನ್ನೂ.

ತಿಬೇಂದೆರಾನ ಗಡಿಯಾರ ರಿಪೇರಿಯವನು.
ಬಸ್ ನಿಲ್ದಾಣದ ಪಕ್ಕ, ಹರಿದ ಕೊಡೆಯ ಕೆಳಗೆ
ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ
ನಲವತ್ತು ವರ್ಷ ಊರಿನ ಹೊತ್ತು ಸರಿಮಾಡಿದವನು.
ರೋಗ ಈಗ ಬೆನ್ನುಮೂಳೆಗೆ ಇಳಿದಿದೆ.

ಮಗ ಮುಗುಮೆ ಹೊಸ್ತಿಲಲ್ಲೇ ಅಡ್ಡ ನಿಂತ.
"ಆಸ್ಪತ್ರೆಯವರು ಕೈಬಿಟ್ಟರು. ನೀವು ಯಾವ ಕೈ?"
ಎರಡು ಹಸು ಮಾರಿದ್ದಾನೆ, ಮೂರನೆಯದಕ್ಕೆ ಗಿರಾಕಿ ಬಂದಿದ್ದಾನೆ,
ಕಂಪಾಲದಲ್ಲಿ ಇನ್ನೊಂದು ಯಂತ್ರವಿದೆಯಂತೆ.
ವಾಸಿಮಾಡುವ ಕೈಯಲ್ಲ, ಅಂದೆ.
ಅಷ್ಟು ಹೇಳುವುದನ್ನು ಕಲಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು,
ಮೊದಮೊದಲು ಸುತ್ತಿ ಬಳಸಿ ಮಾತಾಡುತ್ತಿದ್ದೆ.
ಅವನು ಬೈಯಲಿಲ್ಲ. ಹಸುವಿನ ಕಡೆ ನೋಡಿದ,
ಅದರ ಕೊಂಬಿನಷ್ಟೇ ಅಗಲದ ಒಂದು ಮೌನ,
ಆಮೇಲೆ ಪಕ್ಕಕ್ಕೆ ಸರಿದ.

ಒಳಗೆ ಮುದುಕ ಗೋಡೆಗೆ ಮುಖಮಾಡಿ ಮಲಗಿದ್ದ.
ಎಲ್ಲಿ ನೋವು ಎಂದು ಕೇಳಿದರೆ
"ಎಲ್ಲಿ ಇಲ್ಲ ಅಂತ ಕೇಳು, ಬೇಗ ಮುಗಿಯುತ್ತದೆ."

ಚೀಟಿ ಬರೆದೆ: ಆರು, ಹತ್ತು, ಎರಡು, ಆರು,
ರಾತ್ರಿ ಹತ್ತಕ್ಕೆ ಎರಡರಷ್ಟು.
ನಡುರಾತ್ರಿಯ ಎರಡಕ್ಕೆ ಏನೂ ಇಲ್ಲ,
ಆ ಮನೆ ಖಾಲಿಯಿರಲಿ, ಅವನು ನಿದ್ದೆಮಾಡಲಿ.

ಹೆಂಡತಿ ಕೊಬುಸಿಂಗ್ಯೆ ಚೀಟಿಯನ್ನು ತಲೆಕೆಳಗಾಗಿ ಹಿಡಿದಳು.
ಹೊತ್ತು ಗೊತ್ತು ಅವಳಿಗೆ,
ಹಾಲು ಕರೆಯುವ ಹೊತ್ತು, ನೆರಳು ಕಾಲಡಿ ಸೇರುವ ಹೊತ್ತು.
ಮುಳ್ಳು ಗೊತ್ತಿಲ್ಲ.
ಸಾಲದ್ದಕ್ಕೆ, ಇಲ್ಲಿ ಸೂರ್ಯ ಹುಟ್ಟಿದ ಮೇಲೆ ಎಣಿಕೆ ಶುರು,
ಮುಳ್ಳು ಹತ್ತು ತೋರಿಸಿದರೆ ನಾಲಿಗೆ ನಾಲ್ಕು ಅನ್ನುತ್ತದೆ.

ಆಗ ಅವನು ಗೋಡೆಯಿಂದ ಈಚೆ ಹೊರಳಿದ.
ಯಾರೋ ರಿಪೇರಿಗೆ ಕೊಟ್ಟು ಮರಳಿ ಬಾರದ
ಅಲಾರಾಂ ಗಡಿಯಾರ ತರಿಸಿ ಎದೆಯ ಮೇಲೆ ಇಟ್ಟುಕೊಂಡ.
"ಚಿಕ್ಕದು ಯಜಮಾನ, ನಿಧಾನ.
ದೊಡ್ಡದು ಆಳು, ಓಡುತ್ತಲೇ ಇರುತ್ತದೆ."
"ನಲವತ್ತು ವರ್ಷ ಇದನ್ನು ಯಾಕೆ ಹೇಳಲಿಲ್ಲ?"
"ನೀನು ಕೇಳಲಿಲ್ಲ."
"ನೀನು ಬಂದರೆ ಸಂಜೆ. ನನಗೆ ಅಷ್ಟು ಸಾಕಿತ್ತು."
ನಾನು ಸಿರಿಂಜು ತೊಳೆಯುವ ನೆಪದಲ್ಲಿ ಹೊರಗೆ ಹೋದೆ.

ಮುಂದಿನ ವಾರ ಅವನು ದಿಂಬಿಗೆ ಒರಗಿ ಕೂತಿದ್ದ.
ಮುಗುಮೆ ಅಪ್ಪನ ಗಡ್ಡ ಹೆರೆಯುತ್ತಿದ್ದ, ನಾಲಿಗೆ ಕಚ್ಚಿಕೊಂಡು.
ಮೂರನೆಯ ಹಸು ಹಿತ್ತಲಲ್ಲೇ ಇತ್ತು.
ಮುದುಕ ನನ್ನ ಮಣಿಕಟ್ಟು ಹಿಡಿದು, ನಾಡಿ ನೋಡುವವನ ಹಾಗೆ,
"ಮೂರು ನಿಮಿಷ ಹಿಂದಿದೆ ಸಿಸ್ಟರ್,
ಇಂಥದ್ದನ್ನು ಕಟ್ಟಿಕೊಂಡು ಸಾಯುವವರ ಮನೆಗೆ ಬರುತ್ತೀಯಾ?"
ನಕ್ಕೆವು. ಅವಳು ಎಲ್ಲರಿಗಿಂತ ಜೋರಾಗಿ.

ಅವನು ಹೋದದ್ದು ಮಂಗಳವಾರ,
ಯಜಮಾನ ಹನ್ನೊಂದು ದಾಟಿದ್ದ. ಹೇಳಿದವಳು ಅವಳೇ.

ಉಳಿದ ಔಷಧಿ ಅಳೆದು ವಾಪಸು ಬರೆದುಕೊಳ್ಳಬೇಕು, ಅದು ಕಾನೂನು.
ಆಮೇಲೆ ಸುಮ್ಮನೆ ಕೂರಬೇಕು, ಅದನ್ನು ಯಾರೂ ಬರೆದಿಲ್ಲ.
ಗೋಡೆಯ ಚೀಟಿಯಲ್ಲಿ ಖಾಲಿ ಬಿಟ್ಟ ಮನೆಯ ತುಂಬ
ಇದ್ದಿಲಿನ ಗೀರು. ಎಣಿಸಿದೆ, ಮೂವತ್ತನಾಲ್ಕು.
"ಎರಡಕ್ಕೆ ಏಳುತ್ತಿದ್ದೆ, ಉಸಿರು ಇದೆಯಾ ನೋಡಲು.
ನೀನು ಬೈಯುತ್ತೀ ಅಂತ ಹೇಳಲಿಲ್ಲ.
ಈಗಲೂ ಏಳುತ್ತೇನೆ ಸಿಸ್ಟರ್. ಎದ್ದು ಏನು ಮಾಡಲಿ?"
ಚೀಲದಲ್ಲಿ ಅದಕ್ಕೇನೂ ಇರಲಿಲ್ಲ.
ಅವಳು ಕೊಟ್ಟ ಹುಳಿಹಾಲು ಕುಡಿದೆ, ಇನ್ನೊಂದು ಲೋಟವನ್ನೂ.

ಹೊರಟಾಗ ನನ್ನ ಕೈ ತಿರುಗಿಸಿ
ಗಡಿಯಾರವನ್ನು ತುಂಬ ಹೊತ್ತು ಓದಿದಳು.
"ಇನ್ನೂ ಹಿಂದೆಯೇ ಇದೆ," ಅಂದಳು.
ಸರಿಮಾಡಿಸಿಲ್ಲ.