ಇಪ್ಪತ್ತೈದಕ್ಕೊಂದು ಕಟ್ಟು

ಬೆಳಗಿನ ಐದೂಕಾಲು. ನ್ಯೂಕ್ಯಾಸಲ್ಲಿನ ಕಡಲು
ಇನ್ನೂ ಮುಖ ತೊಳೆದಿಲ್ಲ.
ಕೌನ್ಸಿಲ್ಲಿನ ಕಿತ್ತಳೆ ಅಂಗಿ, ಎದೆಯ ಮೇಲೆ ಝೊಹರಾ ಎಂಬ ಬಿಲ್ಲೆ,
ಕೈಯಲ್ಲಿ ಜರಡಿ, ಬಕೆಟ್ಟು, ಉದ್ದನೆಯ ಇಕ್ಕಳ.
ಮರಳು ಸೋಸುತ್ತೇನೆ.

ಚಿಪ್ಪಿನ ಚೂರು, ಐಸ್‌ಕ್ರೀಮಿನ ಕಡ್ಡಿ, ಯಾರದೋ ಒಂಟಿ ಓಲೆ,
ಆಮೇಲೆ ಸಿಗರೇಟಿನ ತುಂಡುಗಳು:
ತುಟಿಯ ಬಣ್ಣ ಹತ್ತಿದವು, ಹಲ್ಲಿನ ಗುರುತಿದ್ದವು,
ಎರಡೇ ಎಳೆತಕ್ಕೆ ಬೇಡವಾದವು.
ಹೋದ ವಾರ ಒಂದೂವರೆ ವರ್ಷದ ಕೂಸು
ಒಂದನ್ನು ಬಾಯಿಗಿಟ್ಟು ಚಪ್ಪರಿಸುತ್ತಿತ್ತು.
ನಾನೇ ಬೆರಳು ಹಾಕಿ ತೆಗೆದೆ.
ಹಾಗಾಗಿ ಆ ಹೊಸ ಬೋರ್ಡಿನ ಬಗ್ಗೆ
ನನ್ನದೇನೂ ತಕರಾರಿಲ್ಲ.

ಆಫೀಸಿಗೆ ಲೆಕ್ಕ ಕೊಡಬೇಕು,
ಬೋರ್ಡಿಗೆ ಮುಂಚೆ ಎಷ್ಟು, ಬೋರ್ಡು ಬಂದ ಮೇಲೆ ಎಷ್ಟು.
ನಾನು ಎಣಿಸುವುದು ಇಪ್ಪತ್ತೈದರಲ್ಲಿ.
ಹತ್ತರಲ್ಲಿ ಎಣಿಸು, ಸುಲಭ, ಅನ್ನುತ್ತಾನೆ ಸೂಪರ್‌ವೈಸರ್ ಬ್ರೆಂಟ್.
ಅವನಿಗೆ ಹೇಗೆ ಹೇಳಲಿ,
ಮುಡಿಪಿನ ಜಗಲಿಯಲ್ಲಿ ಉಮ್ಮ
ಮಡಿಲ ಗೆರಸೆಯ ಮೇಲೆ ಬಾಗಿ
ಎಲೆ ಕತ್ತರಿಸಿ, ಹೊಗೆಸೊಪ್ಪು ಹರವಿ,
ಸುರುಳಿ ಸುತ್ತಿ, ತುದಿ ಮಡಿಚಿ, ನೂಲು ಬಿಗಿದು
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ನನ್ನ ಮಗ್ಗಿ ಶುರುವಾದದ್ದೇ ಅಲ್ಲಿ.
ಸ್ಲೇಟು, ಚಪ್ಪಲಿ, ಪೆರ್ನಾಲಿನ ಲಂಗ
ಎಲ್ಲಕ್ಕೂ ಅದೇ ವಾಸನೆ.
ಉಮ್ಮ ಒಂದನ್ನೂ ಸೇದಿದವಳಲ್ಲ.
ಕೆಮ್ಮು ಮಾತ್ರ ಅವಳದಾಯಿತು.

ಅವಳ ಸಾಲವನ್ನು ಈ ಮರಳಲ್ಲಿ
ಬಗ್ಗಿ ಬಗ್ಗಿ ತೀರಿಸುತ್ತಿದ್ದೇನೆ ಅನಿಸುತ್ತದೆ ಒಮ್ಮೊಮ್ಮೆ.
ಛೆ, ಅದು ಬೆನ್ನುನೋವಿನ ಮಾತು.

ಗೋಡೆಯ ಹತ್ತಿರ ಕ್ಲೈವ್,
ಮೂವತ್ತು ವರ್ಷ ಕಲ್ಲಿದ್ದಲು ಅಗೆದವನು,
ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ತೆಳು ಹಾಳೆ ಹರಡಿ
ಸೊಪ್ಪು ಉದುರಿಸುತ್ತಿದ್ದ.
ಕಂಡೂ ಕಾಣದಂತೆ ಹೋಗಬಹುದಿತ್ತು.
ಆ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟೆ.

‘ಕ್ಲೈವ್, ಇಲ್ಲಿ ಬೇಡ.’

ಅವನು ಗದ್ದ ಎತ್ತಿ ಕಡಲಂಚು ತೋರಿಸಿದ.
ಕಲ್ಲಿದ್ದಲಿನ ಹಡಗುಗಳು ಸಾಲಾಗಿ,
ರೇಷನ್ ಅಂಗಡಿಯ ಮುಂದೆ ಜನ ನಿಂತಹಾಗೆ,
ತಮ್ಮ ಪಾಳಿಗೆ ಕಾಯುತ್ತಿದ್ದವು.
‘ಅವಕ್ಕೆ?’

ನನ್ನ ಲೆಕ್ಕದ ಹಾಳೆಯಲ್ಲಿ
ಹಡಗಿಗೆ ಕಾಲಂ ಇಲ್ಲ, ಅಂದೆ.
ನಕ್ಕ. ನಗು ಕೆಮ್ಮಾಯಿತು.
ನಗು ಮುಗಿದ ಮೇಲೂ ಕೆಮ್ಮು ಉಳಿಯಿತು.
ಪರಿಚಯದ ಕೆಮ್ಮು. ಎಲ್ಲಿ ತಗ್ಗುತ್ತದೆ,
ಎಲ್ಲಿ ಮತ್ತೆ ಹೊರಳುತ್ತದೆ, ನನಗೆ ಬಾಯಿಪಾಠ.
ನೀರಿನ ಬಾಟಲಿ ಕೊಟ್ಟೆ.

ಕೊನೆಗೆ, ಹಚ್ಚದ ಸುರುಳಿಯನ್ನು ನನ್ನ ಅಂಗೈಗಿಟ್ಟ:
‘ತಗೋ, ಜಪ್ತಿ ಮಾಡು.’

ಬೆರಳು ತಾನಾಗಿಯೇ ಒತ್ತಿ ನೋಡಿತು.
ಸಡಿಲ. ಸೊಪ್ಪೆಲ್ಲ ಒಂದೇ ಕಡೆ. ತುದಿ ಮಡಿಚಿಲ್ಲ.
ಮುಡಿಪಿನ ಬ್ರಾಂಚಿನಲ್ಲಾಗಿದ್ದರೆ ಇದನ್ನು
ಕಟ್ಟಿನಿಂದ ಎಳೆದು ಮುಖಕ್ಕೆ ಎಸೆಯುತ್ತಿದ್ದರು.

ಬಕೆಟ್ಟಿಗೆ ಹಾಕಿದೆ.
ಸೇದದೇ ಇದ್ದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಏನೋ,
ಬ್ರೆಂಟನ್ನು ಕೇಳಬೇಕು.